ಶುಗರ್ ‘ಬಾರ್ಡರ್’ ಅಂದಾಗ ದುಡ್ಡು ಮೊದಲು ಎಲ್ಲಿಗೆ: ತಟ್ಟೆಗೋ, ಪುಡಿಗೋ, ಮೀಟರಿಗೋ?

ಖಾಲಿ ಹೊಟ್ಟೆಯ ಶುಗರ್ 114, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.3. ಲ್ಯಾಬಿನ ಕಾಗದದಲ್ಲಿ ಹೀಗೆ ಬಂದರೆ ಡಾಕ್ಟರು ‘ಬಾರ್ಡರ್‌ನಲ್ಲಿದೆ, ಊಟ ನೋಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ’ ಅಂದು ಮುಂದಿನ ಪೇಷೆಂಟನ್ನು ಕರೆಯುತ್ತಾರೆ. ಊಟ ನೋಡಿಕೊಳ್ಳುವುದು ಅಂದರೆ ಏನು ಅನ್ನುವುದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿರುವುದಿಲ್ಲ. ಆ ಕೊರತೆ ತುಂಬಲು ಉಳಿದವರೆಲ್ಲ ತಯಾರು. ಪಕ್ಕದ ಮನೆಯವರು ಇನ್ಸುಲಿನ್ ಗಿಡದ ಎಲೆ ಕಿತ್ತು ತರುತ್ತಾರೆ. ಭಾವ ಅನ್ನ ಬಿಟ್ಟು ಮುದ್ದೆ ಹಿಡಿಯಿರಿ ಅನ್ನುತ್ತಾರೆ. ಫೋನಿನಲ್ಲಿ ಒಂದು ಸಲ ‘ಶುಗರ್’ ಅಂತ ಹುಡುಕಿದ್ದೇ ತಪ್ಪು, ಆಮೇಲೆ ದಿನವಿಡೀ ಪುಡಿ ಡಬ್ಬಿಗಳ ಜಾಹೀರಾತು.

ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ಮತ್ತು ಅಷ್ಟಿಷ್ಟು ಮನಸ್ಸು, ಇಷ್ಟನ್ನು ಈ ವಿಷಯಕ್ಕೆ ಮೀಸಲಿಡಬಲ್ಲವರು ಅದನ್ನು ಎಲ್ಲಿ ಹಾಕಿದರೆ ಫಲ ಹೆಚ್ಚು ಅನ್ನುವುದು ಈ ಬರಹದ ವಿಷಯ. ಬಾರ್ಡರ್‌ನಲ್ಲಿರುವವರಿಗೆ ಮತ್ತು ಟೈಪ್ 2 ಅಂತ ಹೊಸದಾಗಿ ಗೊತ್ತಾಗಿ ಒಂದೆರಡು ಮಾತ್ರೆಯಲ್ಲಿ ಇರುವವರಿಗೆ ಇದು ಅನ್ವಯಿಸುತ್ತದೆ. ಟೈಪ್ 1 ಇರುವವರು, ಗರ್ಭಿಣಿಯರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಇದನ್ನು ಓದಿ ತಾವಾಗಿ ಏನನ್ನೂ ಬದಲಿಸಬೇಡಿ, ನಿಮ್ಮ ಲೆಕ್ಕ ಬೇರೆ.

ಯಾವ ಅಂಕಿಯನ್ನು ನಂಬುವುದು

ಮೂರು ಪರೀಕ್ಷೆಗಳಿವೆ. ಖಾಲಿ ಹೊಟ್ಟೆಯದು 100ರಿಂದ 125 ಇದ್ದರೆ ಬಾರ್ಡರ್, 126 ಅಥವಾ ಹೆಚ್ಚಿದ್ದರೆ ಮಧುಮೇಹ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವುದು 140ರಿಂದ 199 ಬಾರ್ಡರ್, 200ರಿಂದ ಮಧುಮೇಹ. ಎಚ್‌ಬಿಎ1ಸಿ 5.7ರಿಂದ 6.4 ಬಾರ್ಡರ್, 6.5ರಿಂದ ಮಧುಮೇಹ. ಇವು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಗೆರೆಗಳು. ನಮ್ಮ ಲ್ಯಾಬುಗಳೂ ಸಾಮಾನ್ಯವಾಗಿ ಇವನ್ನೇ ಅಚ್ಚು ಹಾಕುತ್ತವೆ. ಲಕ್ಷಣಗಳಿಲ್ಲದೆ ಒಂದೇ ಒಂದು ಪರೀಕ್ಷೆ ಗೆರೆ ದಾಟಿದರೆ ಇನ್ನೊಂದು ಸಲ ನೋಡಿಯೇ ತೀರ್ಮಾನಿಸಬೇಕು.

ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. 6 ಅಂದರೆ ಸರಾಸರಿ ಸುಮಾರು 126, 7 ಅಂದರೆ 154, 8 ಅಂದರೆ 183. ಹಿಂದಿನ ದಿನ ಉಪವಾಸವಿದ್ದು ಇದನ್ನು ಏಮಾರಿಸಲು ಆಗುವುದಿಲ್ಲ, ಅದೇ ಇದರ ದೊಡ್ಡ ಗುಣ. ಆದರೆ ಇದು ಕೆಂಪು ರಕ್ತಕಣಗಳ ಮೇಲೆ ನಿಂತ ಲೆಕ್ಕ. ಕಬ್ಬಿಣಾಂಶದ ಕೊರತೆ ಇದ್ದಾಗ ನಿಜಕ್ಕಿಂತ ಹೆಚ್ಚು ತೋರಿಸಬಹುದು. 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಗಿರುವಾಗ ಹಿಮೋಗ್ಲೋಬಿನ್ ನೋಡದೆ ಬರೀ ಎಚ್‌ಬಿಎ1ಸಿ ಹಿಡಿದು ಗಾಬರಿಯಾಗುವುದು ಸರಿಯಲ್ಲ. ಮನೆಯ ಹೆಣ್ಣುಮಕ್ಕಳಿಗೆ ಪರೀಕ್ಷೆ ಮಾಡಿಸುವಾಗ ಎರಡನ್ನೂ ಒಟ್ಟಿಗೆ ಮಾಡಿಸಿ.

ತಟ್ಟೆ: ಅನ್ನವೋ, ಮುದ್ದೆಯೋ, ಚಪಾತಿಯೋ

ನಮ್ಮಲ್ಲಿ ಶುಗರ್ ಬಂದ ಕೂಡಲೇ ನಡೆಯುವ ಮೊದಲ ಚರ್ಚೆ ಇದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ, 100 ಗ್ರಾಂ ಹಸಿ ಧಾನ್ಯ ಅಥವಾ ಹಿಟ್ಟಿನ ಲೆಕ್ಕ ಗ್ರಾಂಗಳಲ್ಲಿ ಸರಿಸುಮಾರು ಹೀಗಿದೆ:

| | ಕಾರ್ಬೋಹೈಡ್ರೇಟ್ | ನಾರು | ಪ್ರೋಟೀನ್ |
|---|---|---|---|
| ಬಿಳಿ ಅಕ್ಕಿ | 78 | 3 | 8 |
| ರಾಗಿ | 67 | 11 | 7 |
| ಜೋಳ | 68 | 10 | 10 |
| ಗೋಧಿ ಹಿಟ್ಟು | 64 | 11 | 11 |

ರಾಗಿ, ಜೋಳ, ಗೋಧಿ ಮೂರೂ ಒಂದೇ ಕೇರಿಯವು. ಅಕ್ಕಿಗೆ ಹೋಲಿಸಿದರೆ ಪಿಷ್ಟ (ಅಂದರೆ ಕಾರ್ಬೋಹೈಡ್ರೇಟ್) ಸ್ವಲ್ಪ ಕಡಿಮೆ, ನಾರು ಮೂರು ನಾಲ್ಕು ಪಟ್ಟು. ರಾಗಿಗೆ ಕ್ಯಾಲ್ಸಿಯಂ ಹೆಚ್ಚುವರಿ ಲಾಭ, 100 ಗ್ರಾಮಿಗೆ 350 ಎಂಜಿ ಮೇಲೆ. ಇಷ್ಟಕ್ಕೇ ರಾಗಿ ತಿಂದರೆ ಶುಗರ್ ಇಳಿಯುತ್ತದೆ ಅನ್ನುವ ಮಾತು ಹುಟ್ಟಿಕೊಂಡಿದೆ. ತಿನ್ನುವ ಪ್ರಮಾಣಕ್ಕೆ ಬಂದಾಗ ಮಾತ್ರ ಲೆಕ್ಕ ತಿರುಗುತ್ತದೆ. ಮಂಡ್ಯ, ತುಮಕೂರು ಕಡೆ ಕಟ್ಟುವ ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಬಿದ್ದರೆ ಪಿಷ್ಟ 67 ಗ್ರಾಂ. ಒಂದು ಬಟ್ಟಲು, ಅಂದರೆ 150 ಗ್ರಾಂ ಬೆಂದ ಅನ್ನದಲ್ಲಿ 40 ಗ್ರಾಂ ಆಸುಪಾಸು. ತಲಾ 30 ಗ್ರಾಂ ಹಿಟ್ಟಿನ ಎರಡು ಚಪಾತಿಯಲ್ಲಿ 38. 50 ಗ್ರಾಂ ಹಿಟ್ಟು ಹಿಡಿದ ಒಂದು ಜೋಳದ ರೊಟ್ಟಿಯಲ್ಲಿ 34. ಅನ್ನ ಬಿಟ್ಟೆ ಅಂತ ಒಂದೂವರೆ ಮುದ್ದೆ ನುಂಗುವವರು, ಒಂದು ಬಟ್ಟಲು ಅನ್ನ ತಿನ್ನುವವರಿಗಿಂತ ಎರಡೂವರೆ ಪಟ್ಟು ಪಿಷ್ಟ ಒಳಗೆ ಹಾಕುತ್ತಿದ್ದಾರೆ. ಮುದ್ದೆ ಮುಗಿದ ಮೇಲೆ ‘ಸ್ವಲ್ಪ ಅನ್ನ ಮಜ್ಜಿಗೆ’ ಬೇರೆ!

ಇದು ನನ್ನೊಬ್ಬನ ತಕರಾರಲ್ಲ. ದೇಶದ ಎಲ್ಲ ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಐಸಿಎಂಆರ್-ಇಂಡಿಯಾಬ್ ಎಂಬ ಮಧುಮೇಹ ಅಧ್ಯಯನದ ಆಹಾರದ ವರದಿ 2025ರಲ್ಲಿ ಪ್ರಕಟವಾಯಿತು. ಭಾರತೀಯರು ತಿನ್ನುವ ಶಕ್ತಿಯಲ್ಲಿ ಸರಾಸರಿ ಶೇ. 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಎಂದು ಅದರಲ್ಲಿ ಕಂಡುಬಂತು. ಒಟ್ಟು ಪಿಷ್ಟ ಇಳಿಸದೆ, ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದದ್ದರಿಂದ ಮಧುಮೇಹದ ಅಪಾಯ ತಗ್ಗಿದ ಸುಳಿವು ಸಿಗಲಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಇತ್ತು.

ಹಾಗಾಗಿ ಧಾನ್ಯ ಯಾವುದು ಅನ್ನುವುದಕ್ಕಿಂತ ಎಷ್ಟು, ಯಾವ ರೂಪದಲ್ಲಿ, ಯಾವುದರ ಜೊತೆ ಅನ್ನುವುದು ಮುಖ್ಯ. ರೂಪದ ವಿಷಯದಲ್ಲಿ ರಾಗಿಯೇ ಒಳ್ಳೆಯ ಉದಾಹರಣೆ. ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿ, ಲೋಟದಲ್ಲಿ ಕುಡಿಯುವ ಗಂಜಿ ಬೇಗ ಜೀರ್ಣವಾಗಿ ಬೇಗ ಏರುತ್ತದೆ. ಮೊಳಕೆ ಬರಿಸಿ ಮಾಡಿದ ಮಾಲ್ಟಿನಲ್ಲಿ ಪಿಷ್ಟದ ಒಂದಿಷ್ಟು ಭಾಗ ಆಗಲೇ ಸಕ್ಕರೆಯಾಗಿ ಒಡೆದಿರುತ್ತದೆ. ಮಗುವಿಗೆ, ಬಾಣಂತಿಗೆ ಅದು ಚೆನ್ನ. ಶುಗರ್ ಇರುವ ಅಜ್ಜನಿಗೆ ದಿನಾ ಬೆಳಿಗ್ಗೆ ಬೆಲ್ಲ ಹಾಕಿ ಕೊಡುತ್ತಿದ್ದರೆ ನಿಲ್ಲಿಸಿ. ಬೆಲ್ಲವೂ, ಜೇನೂ ಶುಗರ್ ಲೆಕ್ಕದಲ್ಲಿ ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ.

ತಂಗಳನ್ನದ ಬಗ್ಗೆ ಕೇಳುವವರಿದ್ದಾರೆ. ಬೇಯಿಸಿ ಫ್ರಿಜ್ಜಿನಲ್ಲಿ ಒಂದು ದಿನ ತಣಿಸಿದ ಅನ್ನದಲ್ಲಿ ಸ್ವಲ್ಪ ಪಿಷ್ಟ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಮತ್ತೆ ಬಿಸಿ ಮಾಡಿದರೂ ಒಂದಷ್ಟು ಉಳಿಯುತ್ತದೆ. ಲಾಭ ಇದೆ, ಆದರೆ ಸಣ್ಣದು. ಎರಡನೇ ಸಲ ಬಡಿಸಿಕೊಳ್ಳಲು ಅದು ಪರವಾನಗಿ ಅಲ್ಲ.

ಈಗ ನಾಲ್ಕು ಊಟದ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು ಬರೀ ಧಾನ್ಯ ಬದಲಿಸುವುದು. ಸುಲಭ, ಮನೆಯಲ್ಲಿ ಜಗಳವಿಲ್ಲ, ಫಲ ಕಡಿಮೆ.

ಎರಡನೆಯದು ಧಾನ್ಯವನ್ನು ಅರ್ಧ ಮಾಡಿ ಆ ಜಾಗಕ್ಕೆ ಪಲ್ಯ ಮತ್ತು ಕಾಳು ತರುವುದು. ಇಂಡಿಯಾಬ್ ತಂಡವೇ 18,090 ಜನರ ಆಹಾರದ ಮಾಹಿತಿ ಇಟ್ಟುಕೊಂಡು 2022ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಹೊಸದಾಗಿ ಮಧುಮೇಹ ಪತ್ತೆಯಾದವರು ಸಹಜ ಸ್ಥಿತಿಗೆ ಮರಳಲು ಕಾರ್ಬೋಹೈಡ್ರೇಟನ್ನು ಶೇ. 49-54ಕ್ಕೆ ಇಳಿಸಿ, ಪ್ರೋಟೀನನ್ನು ಶೇ. 19-20ಕ್ಕೆ ಏರಿಸಬೇಕು ಎಂಬುದು ಅದರ ಸಾರ. ನಮ್ಮ ಊಟದಲ್ಲಿ ಎಡವುವುದು ಪ್ರೋಟೀನಿನಲ್ಲೇ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ಒಂದು ಬಟ್ಟಲು ಗಟ್ಟಿ ತೊವ್ವೆಗೆ 30 ಗ್ರಾಂ ಬೇಳೆ ಬಿದ್ದರೂ ಪ್ರೋಟೀನ್ 6-7 ಗ್ರಾಂ ಮಾತ್ರ, ಒಂದು ಮೊಟ್ಟೆಯಷ್ಟು. ಹಾಗಾಗಿ ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವನ್ನು ತಟ್ಟೆಯ ಕಾಲು ಭಾಗ ತುಂಬ ಹಾಕಿಕೊಳ್ಳಿ, ಮುದ್ದೆಯನ್ನು ನಿಂಬೆಹಣ್ಣಿಗಿಂತ ಕೊಂಚ ದೊಡ್ಡದು ಮಾಡಿ. ಅವರೆಕಾಳಿನ ಕಾಲದಲ್ಲಿ ಇದು ಶಿಕ್ಷೆಯೂ ಅಲ್ಲ. ಮಾಂಸಾಹಾರಿಗಳಿಗೆ ಮೀನು, ಕೋಳಿ, ಮೊಟ್ಟೆಯಿಂದ ಕೆಲಸ ಇನ್ನೂ ಹಗುರ, ಬಿರಿಯಾನಿಯ ಅನ್ನದ ಗುಡ್ಡೆಯನ್ನು ಮಾತ್ರ ನೋಡಿಕೊಳ್ಳಬೇಕು.

ಮೂರನೆಯದು ಧಾನ್ಯವನ್ನು ಹೆಚ್ಚುಕಡಿಮೆ ಪೂರ್ತಿ ಬಿಡುವ ಲೋ-ಕಾರ್ಬ್, ಕೀಟೋ ದಾರಿ. ಶುಗರ್ ಬೇಗ ಇಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆ, ಹಬ್ಬ, ಆಫೀಸ್ ಕ್ಯಾಂಟೀನ್ ಇರುವ ಬದುಕಿನಲ್ಲಿ ವರ್ಷಗಟ್ಟಲೆ ನಿಲ್ಲುವವರು ಕಡಿಮೆ. ಸಸ್ಯಾಹಾರಿಗಳು ಕೊನೆಗೆ ಪನೀರು, ಗೋಡಂಬಿ, ತುಪ್ಪಕ್ಕೆ ಬಂದು ನಿಲ್ಲುತ್ತಾರೆ, ಕೊಲೆಸ್ಟ್ರಾಲ್ ನೋಡಿಕೊಳ್ಳಬೇಕಾಗುತ್ತದೆ. ಮಾತ್ರೆಯಲ್ಲಿದ್ದವರಿಗೆ ಇದರಲ್ಲಿ ನಿಜವಾದ ಅಪಾಯ ಒಂದಿದೆ, ಮುಂದೆ ಹೇಳುತ್ತೇನೆ.

ನಾಲ್ಕನೆಯದು ತೂಕ ಇಳಿಸುವುದನ್ನೇ ಗುರಿಯಾಗಿಟ್ಟುಕೊಳ್ಳುವುದು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ದಿನಕ್ಕೆ 825ರಿಂದ 853 ಕ್ಯಾಲೊರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟರು. ಒಂದು ವರ್ಷದ ಕೊನೆಗೆ ಶೇ. 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯ ಕೆಳಗಿದ್ದರು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 86. ಎರಡು ವರ್ಷಕ್ಕೆ ಒಟ್ಟು ಪ್ರಮಾಣ 36ಕ್ಕೆ ಇಳಿಯಿತು, ತೂಕ ಮರಳಿದವರಿಗೆ ಶುಗರೂ ಮರಳಿತು. ಮಧುಮೇಹ ಬಂದು ಆರು ವರ್ಷದೊಳಗಿನವರು, ವೈದ್ಯರ ಕಣ್ಗಾವಲಿನಲ್ಲಿ ಮಾಡಿದ್ದು ಇದು. ಮನೆಯಲ್ಲಿ ಒಬ್ಬರೇ ಅಷ್ಟು ಕಡಿಮೆ ತಿನ್ನಲು ಹೊರಡಬೇಡಿ. ಆದರೆ ಹೊಟ್ಟೆ ಬಂದವರಿಗೆ ಇದರಲ್ಲಿ ಒಂದು ತಿಳಿವಳಿಕೆ ಇದೆ: ಬೇಗ ಶುರು ಮಾಡಿದವರಿಗೆ ಕೆಜಿ ಲೆಕ್ಕದಲ್ಲಿ ಫಲ ಸಿಗುತ್ತದೆ.

ನನ್ನ ಆಯ್ಕೆ ಎರಡನೆಯದು. ತೂಕ ಹೆಚ್ಚಿರುವವರಿಗೆ ಅದರ ಜೊತೆ ನಾಲ್ಕನೆಯದರ ಗುರಿ. ಬೆಳಗಿನ ತಿಂಡಿಯಿಂದ ಶುರು ಮಾಡಿ. ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಎಲ್ಲವೂ ಪಿಷ್ಟದ ಮೇಲೆ ಪಿಷ್ಟ. ಹೆಸರುಕಾಳಿನ ದೋಸೆ, ಕಾಳು ಹಾಕಿದ ಅಕ್ಕಿ ರೊಟ್ಟಿ ಒಂದೇ ಒಂದು, ಎರಡು ಇಡ್ಲಿಗೆ ಎರಡು ಸೌಟು ತರಕಾರಿ ತುಂಬಿದ ಸಾಂಬಾರು, ಹೀಗೆ. ಏಕಾದಶಿಯ ಸಬ್ಬಕ್ಕಿಯಂತೂ ಅಪ್ಪಟ ಪಿಷ್ಟ. ಅದಕ್ಕಿಂತ ಅನ್ನ ವಾಸಿ ಅಂದರೆ ಅಜ್ಜಿಯರು ಸಿಟ್ಟಾಗಬಹುದು.

ಇನ್ನೊಂದು ಉಪಾಯಕ್ಕೆ ಪೈಸೆ ಖರ್ಚಿಲ್ಲ. ಅದೇ ಊಟವನ್ನು ತರಕಾರಿ ಮತ್ತು ಪ್ರೋಟೀನ್ ಮೊದಲು, ಪಿಷ್ಟ ಕೊನೆಗೆ ಅನ್ನುವ ಕ್ರಮದಲ್ಲಿ ತಿಂದಾಗ ಊಟದ ನಂತರದ ಏರಿಕೆ ಗಣನೀಯವಾಗಿ ತಗ್ಗಿತು ಎಂದು ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನ ತಂಡ 2015ರಲ್ಲಿ ತೋರಿಸಿತು. ನಮ್ಮ ಬಾಳೆಲೆಯ ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ಆಮೇಲೆ ಬರುತ್ತದೆ. ಬಡಿಸಿದ ಕ್ರಮದಲ್ಲೇ ತಿಂದರೆ ಸಾಕು. ನಾವು ಅನ್ನ ಬರುವವರೆಗೆ ಎಲೆ ಮುಟ್ಟದೆ ಕಾಯುತ್ತೇವೆ! ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯೂ ಹೀಗೆ ಪುಕ್ಕಟೆ ಮದ್ದು. ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ಹೊತ್ತು ಕುಳಿತೇ ಇರುವವರು ರಾತ್ರಿ ಊಟದ ಮೇಲೂ ಒಂದು ಸುತ್ತು ಹಾಕಿ.

ಹಣ್ಣಿನ ವಿಷಯ ಚುಟುಕಾಗಿ: ಸೀಬೆ, ಸೇಬು, ಕಿತ್ತಳೆ, ಪಪ್ಪಾಯ ಒಂದು ಬಾರಿಗೆ ಒಂದು ಬಟ್ಟಲು, ಜ್ಯೂಸ್ ಬೇಡ. ಮಾವಿನ ಕಾಲದಲ್ಲಿ ಎರಡು ಮೂರು ಹೋಳು, ಅದೂ ಊಟದ ಅನ್ನ ಕಡಿಮೆ ಮಾಡಿ. ‘ಶುಗರ್ ಫ್ರೀ’ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ, ಪೊಟ್ಟಣದ ಹಿಂದೆ ನೋಡಿ.

ಪುಡಿ, ಕಷಾಯ, ಮಾತ್ರೆ ಡಬ್ಬಿ

ಇದರಲ್ಲಿ ಮೂರು ಜಾತಿಗಳಿವೆ. ಮೂರನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಅಡುಗೆಮನೆಯಿಂದ ಬಂದವು ಮೊದಲನೆಯವು. ಇವುಗಳಲ್ಲಿ ಮೆಂತ್ಯಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದರಲ್ಲಿರುವ ಲೋಳೆಯಂಥ ನಾರು ಹೊಟ್ಟೆಯಿಂದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹೈದರಾಬಾದಿನ ಪೋಷಣ ಸಂಸ್ಥೆಯಲ್ಲೇ ಇದರ ಮೇಲೆ ಹಿಂದೆ ಪ್ರಯೋಗಗಳಾಗಿವೆ. ಆದರೆ ಅಲ್ಲಿ ಬಳಸಿದ ಪ್ರಮಾಣ ನಾವು ರಾತ್ರಿ ನೆನೆಹಾಕುವ ಅರ್ಧ ಚಮಚವಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೆನೆಸಿದ ನೀರು ಮಾತ್ರ ಕುಡಿದು ಕಾಳನ್ನು ಎಸೆಯುವವರು ಕೆಲಸದ ಭಾಗವನ್ನೇ ಎಸೆಯುತ್ತಾರೆ. ಇಸಬ್ಗೋಲೂ ಇದೇ ಜಾತಿಯದು, ಟೈಪ್ 2 ಇರುವವರಲ್ಲಿ ಖಾಲಿ ಹೊಟ್ಟೆಯ ಶುಗರ್ ಇಳಿಸಿದ ಪುರಾವೆ ಇದೆ. ಧಾರಾಳ ನೀರಿನ ಜೊತೆ, ಬೇರೆ ಮಾತ್ರೆಗಳಿಗೂ ಅದಕ್ಕೂ ನಡುವೆ ಒಂದೆರಡು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಹಾಗಲಕಾಯಿ ಮತ್ತು ದಾಲ್ಚಿನ್ನಿ ಎರಡರ ಬಗ್ಗೆಯೂ ಕೋಕ್ರೇನ್ ಸಂಸ್ಥೆ 2012ರಲ್ಲಿ ಲಭ್ಯ ಪ್ರಯೋಗಗಳನ್ನೆಲ್ಲ ಜಾಲಾಡಿ, ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಅಂದಿತು. ಹಾಗಲಕಾಯಿ ಗೊಜ್ಜು ತಿನ್ನಿ, ಒಳ್ಳೆಯ ತರಕಾರಿ. ಬೆಲ್ಲ ಸುರಿದು ಮಾಡಿದ ಗೊಜ್ಜಿನಲ್ಲಿ ಔಷಧ ಹುಡುಕಬೇಡಿ. ಚಕ್ಕೆ ಪುಡಿಯನ್ನು ದಿನಾ ಚಮಚಗಟ್ಟಲೆ ತಿನ್ನುವವರಿಗೆ ಒಂದು ಎಚ್ಚರಿಕೆ: ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಚಕ್ಕೆಯಲ್ಲಿ ಕೌಮರಿನ್ ಎಂಬ ವಸ್ತು ಹೆಚ್ಚಿದ್ದು, ದೊಡ್ಡ ಪ್ರಮಾಣದಲ್ಲಿ ಲಿವರಿಗೆ ಒಳ್ಳೆಯದಲ್ಲ.

ಗಿಡಮೂಲಿಕೆಗಳು ಎರಡನೆಯವು. ಹಿತ್ತಲಿನ ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಉಪಯೋಗವಿರಲಿಲ್ಲ, ಇನ್ಸುಲಿನ್ ಒಂದು ಪ್ರೋಟೀನ್, ಬಾಯಿಂದ ತಿಂದರೆ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಎಲೆಯಲ್ಲಿ ಬೇರೆ ಗುಣ ಇರಬಹುದು, ಮನುಷ್ಯರಲ್ಲಿ ದೊಡ್ಡ ಪ್ರಯೋಗಗಳು ಆಗಿಲ್ಲ. ಮಧುನಾಶಿನಿ ಎಲೆ ಅಗಿದರೆ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿ ಗೊತ್ತಾಗುವುದಿಲ್ಲ, ಅದು ನಿಜ, ಪರೀಕ್ಷಿಸಿ ನೋಡಬಹುದು. ರಕ್ತದ ಸಕ್ಕರೆಯನ್ನೂ ಕೊಂಚ ಇಳಿಸೀತು. ಅದೇ ಕಾರಣಕ್ಕೆ ಗ್ಲಿಮೆಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ನುಂಗುವವರಿಗೆ ಅದು ಸುರಕ್ಷಿತ ಅಂತ ಕಣ್ಣುಮುಚ್ಚಿ ಹೇಳಲಾಗದು. ಅಮೃತಬಳ್ಳಿಯ ಕಥೆ ಎಲ್ಲರಿಗೂ ಗೊತ್ತಿರಬೇಕು. ಕೋವಿಡ್ ಕಾಲದಲ್ಲಿ ದಿನಾ ಕಷಾಯ ಕುಡಿದ ಕೆಲವರಲ್ಲಿ ಲಿವರ್ ಊದಿಕೊಂಡ ಪ್ರಕರಣಗಳನ್ನು ಮುಂಬಯಿಯ ವೈದ್ಯರು ದಾಖಲಿಸಿದರು. ಗಿಡದ್ದು ಅಂದಮಾತ್ರಕ್ಕೆ ಅಡ್ಡಪರಿಣಾಮ ಇಲ್ಲ ಅನ್ನುವ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು.

ಡಬ್ಬಿಯ ಮೇಲೆ ಏನೂ ಬರೆಯದ ‘ನಾಟಿ’ ಪುಡಿ ಇನ್ನೂ ಅಪಾಯ. ತಿಂದ ವಾರದಲ್ಲೇ ಶುಗರ್ ದಬಕ್ಕನೆ ಇಳಿದರೆ ಖುಷಿಪಡುವ ಮೊದಲು ಅನುಮಾನ ಪಡಿ. ಇಂಥ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು, ಸೀಸದಂಥ ಲೋಹ ಸಿಕ್ಕಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ. ಅದನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ‘ಬೇರುಸಹಿತ ವಾಸಿ’ ಅನ್ನುವ ಜಾಹೀರಾತು ಕಂಡರೆ ಆ ಕಂಪನಿ ಕಾನೂನನ್ನು ಮೊದಲ ವಾಕ್ಯದಲ್ಲೇ ಮುರಿದಿದೆ ಅಂತ ಲೆಕ್ಕ. ಆಯುರ್ವೇದದಲ್ಲಿ ನಂಬಿಕೆ ಇದ್ದರೆ ನೋಂದಾಯಿತ ವೈದ್ಯರ ಬಳಿ ಹೋಗಿ, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ತೋರಿಸಿ.

ಇನ್ನು ಮೆಡಿಕಲ್ ಸ್ಟೋರಿನ ವಿಟಮಿನ್, ಖನಿಜಗಳು. ಕ್ರೋಮಿಯಂ ಎಲ್ಲರಿಗೂ ಬೇಕಿಲ್ಲ. ವಿಟಮಿನ್ ಡಿ ಕೊಟ್ಟರೆ ಬಾರ್ಡರ್‌ನವರು ಮಧುಮೇಹಕ್ಕೆ ಜಾರುವುದು ತಪ್ಪುತ್ತದೆಯೇ ಎಂದು ಅಮೆರಿಕದಲ್ಲಿ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,000 ಯೂನಿಟ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಖಚಿತವಾದ ಲಾಭ ಕಾಣಲಿಲ್ಲ. ಕೊರತೆ ಇದ್ದರೆ ಮೂಳೆಗೋಸ್ಕರ ತೆಗೆದುಕೊಳ್ಳಿ, ಶುಗರಿಗೋಸ್ಕರ ಬೇಡ. ಮರದರಿಶಿನದ ಜಾತಿಯ ಗಿಡಗಳಲ್ಲಿರುವ ಬರ್ಬೆರಿನ್ ಶುಗರ್ ಇಳಿಸಿದ ಪ್ರಯೋಗಗಳಿವೆ, ಹೆಚ್ಚಿನವು ಚೀನಾದ ಸಣ್ಣ ಪ್ರಯೋಗಗಳು. ಬೇರೆ ಮಾತ್ರೆಗಳು ದೇಹದಲ್ಲಿ ಕರಗುವ ರೀತಿಯನ್ನು ಅದು ಬದಲಿಸಬಲ್ಲದು, ಗರ್ಭಿಣಿಯರಿಗೆ ಸಲ್ಲದು. ಹಾಗಾದ ಮೇಲೆ ಅದು ಔಷಧವೇ, ವೈದ್ಯರಿಗೆ ತಿಳಿಸದೆ ಶುರು ಮಾಡುವ ವಸ್ತುವಲ್ಲ.

ಈ ಇಡೀ ಕಪಾಟಿನಲ್ಲಿ ನಾನು ಒತ್ತಿ ಹೇಳುವುದು ಒಂದೇ, ಬಿ12. ಮೆಟ್‌ಫಾರ್ಮಿನ್ ಎಂಬ ಶುಗರಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯುತ್ತದೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಪಾದ ಜೋಮು ಹಿಡಿಯುವುದು, ಉರಿಯುವುದು ಶುರುವಾದರೆ ಎಲ್ಲರೂ ‘ಶುಗರಿನ ನರದ ತೊಂದರೆ’ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ಬಿ12 ಕೊರತೆ, ಸರಿಪಡಿಸಬಹುದಾದದ್ದು. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಕೇಳಿ ಮಾಡಿಸಿ.

ಮೀಟರು, ಸೆನ್ಸರು, ಕಲಿಕೆ

ತಟ್ಟೆ ಬದಲಿಸಿದ್ದು ಕೆಲಸ ಮಾಡಿತೋ, ಪುಡಿ ಮಾಡಿತೋ ಗೊತ್ತಾಗಬೇಕಾದರೆ ಅಳೆಯಬೇಕು. ಅದಕ್ಕೇ ಪುಡಿಗಿಂತ ಮೊದಲು ಮೀಟರು ಕೊಳ್ಳಿ ಅನ್ನುತ್ತೇನೆ.

ಗ್ಲುಕೋಮೀಟರ್ ಆರಿಸುವಾಗ ಯಂತ್ರದ ಬೆಲೆ ನೋಡಬೇಡಿ, ಸ್ಟ್ರಿಪ್ಪಿನ ಬೆಲೆ ನೋಡಿ. ನಿಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ಆ ಸ್ಟ್ರಿಪ್ ಸದಾ ಸಿಗುತ್ತದೆಯೇ ಕೇಳಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಳ್ಳೆಯ ಮೀಟರು ಕೂಡ ಶೇ. 15ರಷ್ಟು ಆಚೀಚೆ ತೋರಿಸಬಹುದು. ಲ್ಯಾಬಿನಲ್ಲಿ 140 ಇದ್ದದ್ದು ಮನೆಯಲ್ಲಿ 155 ತೋರಿಸಿದರೆ ಮೀಟರು ಕೆಟ್ಟಿಲ್ಲ. ಕೈ ತೊಳೆದು ಒರೆಸಿಕೊಂಡು ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಚುಚ್ಚಿ 220 ಬಂತು ಅಂತ ಹೆದರಿದವರಿದ್ದಾರೆ. ಸ್ಟ್ರಿಪ್ಪಿನ ಡಬ್ಬಿಯನ್ನು ತೆರೆದಿಡಬೇಡಿ, ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ.

ದಿನಾ ಬೆಳಿಗ್ಗೆ ಚುಚ್ಚಿ ನೋಡಿ ಬರೆದಿಡುವುದು ಬಹಳ ಜನರ ರೂಢಿ. ಆದರೆ ಬಾರ್ಡರ್‌ನವರಿಗೆ ಅದರಿಂದ ಕಲಿಯುವುದು ಕಡಿಮೆ. ಖಾಲಿ ಹೊಟ್ಟೆಯ ಅಂಕಿ ರಾತ್ರಿಯಿಡೀ ಲಿವರ್ ಬಿಟ್ಟ ಸಕ್ಕರೆಯದು. ಬೆಳಗಿನ ಜಾವ ಹಾರ್ಮೋನುಗಳು ಅದನ್ನು ಇನ್ನಷ್ಟು ತಳ್ಳುತ್ತವೆ, ರಾತ್ರಿ ಏನೂ ತಿನ್ನದವರಿಗೂ ಏರಿರುತ್ತದೆ. ಊಟದ ಬಗ್ಗೆ ತಿಳಿಯಬೇಕಾದರೆ ಜೋಡಿಯಾಗಿ ಅಳೆಯಿರಿ: ತಿನ್ನುವ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಇವತ್ತು ಮೂರು ಇಡ್ಲಿ ಚಟ್ನಿ. ಮತ್ತೊಂದು ದಿನ ಅದೇ ಹೊತ್ತಿಗೆ ಎರಡು ಇಡ್ಲಿ, ತುಂಬ ಸಾಂಬಾರು. ಇನ್ನೊಂದು ದಿನ ಮೂರು ಇಡ್ಲಿ ತಿಂದು ಹದಿನೈದು ನಿಮಿಷ ನಡಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೀಟರಿನ ಓಲಾಟ ಇರುವುದರಿಂದ ಪ್ರತಿಯೊಂದನ್ನೂ ಎರಡು ಮೂರು ಸಲ ನೋಡಿ. ಮಧುಮೇಹ ಇರುವವರಿಗೆ ಊಟದ ನಂತರ 180 ದಾಟದಿರುವುದು ಸಾಮಾನ್ಯ ಗುರಿ, ಬಾರ್ಡರ್‌ನವರು 140ರ ಆಸುಪಾಸು ನೋಡಿಕೊಳ್ಳಬಹುದು. ಇದೇ ಪರೀಕ್ಷೆಗೆ ಪಕ್ಕದ ಮನೆಯ ಎಲೆಯನ್ನೂ ಒಡ್ಡಿ ನೋಡಬಹುದು, ತಿಂಡಿ ಮಾತ್ರ ಅದೇ ಇರಬೇಕು.

ತೋಳಿಗೆ ಅಂಟಿಸುವ ಸೆನ್ಸರ್ 14 ದಿನ ಬಾಳುತ್ತದೆ, ಬೆಲೆ ಕೆಲವು ಸಾವಿರ. ಚುಚ್ಚುವ ಗೋಳಿಲ್ಲ, ರಾತ್ರಿಯದೂ ಕಾಣುತ್ತದೆ. ಅದು ಚರ್ಮದಡಿಯ ದ್ರವ ಅಳೆಯುವುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಕೆಲವು ಸೆನ್ಸರುಗಳು ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ತಪ್ಪಾಗಿ ಹೆಚ್ಚು ತೋರಿಸುತ್ತವೆ. ಇನ್ಸುಲಿನ್‌ನಲ್ಲಿರುವವರಿಗೆ ಇದು ವರದಾನ. ಬಾರ್ಡರ್‌ನವರಿಗೆ ಒಂದು ಸಲ, ಕಲಿಯುವುದಕ್ಕೆ ಸಾಕು. ಊಟವಾದ ಮೇಲೆ ಆರೋಗ್ಯವಂತರಲ್ಲೂ ಗೆರೆ ಮೇಲೇಳುತ್ತದೆ. ಪ್ರತಿ ಏರಿಕೆಗೂ ಎದೆ ಹೊಡೆದುಕೊಳ್ಳುವ ಸ್ವಭಾವ ನಿಮ್ಮದಾದರೆ ಬೆರಳಿನ ಮೀಟರೇ ಕ್ಷೇಮ.

ದುಡ್ಡಿಲ್ಲದವರಿಗೂ ದಾರಿ ಇದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ವಿಭಾಗದಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಶುಗರ್ ಪರೀಕ್ಷೆ ಸಿಗುತ್ತದೆ. ಬೆಂಗಳೂರಿನಲ್ಲಿ ಹಿಂದೆ ಡಯಾಬಿಟಾಲಜಿ ಸಂಸ್ಥೆ ಎಂದಿದ್ದ, ಈಗಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಸರ್ಕಾರದ್ದೇ.

ವಿಡಿಯೋ ನೋಡಿ ಕಲಿಯುವುದನ್ನು ನಾನು ಹಳಿಯುವುದಿಲ್ಲ, ಕನ್ನಡದಲ್ಲಿ ಚೆನ್ನಾಗಿ ವಿವರಿಸುವ ವೈದ್ಯರಿದ್ದಾರೆ. ಒಂದೇ ಜರಡಿ ಇಟ್ಟುಕೊಳ್ಳಿ: ವಿಡಿಯೋದ ಕೊನೆಗೆ ಏನಾದರೂ ಮಾರುತ್ತಿದ್ದರೆ ಅದು ಪಾಠವಲ್ಲ, ಅಂಗಡಿ. ಡಯಟೀಶಿಯನ್ ಬಳಿ ಒಂದು ಸಲ ಕೂತು ನಿಮ್ಮ ಮನೆಯ ಊಟವನ್ನೇ ಲೆಕ್ಕ ಹಾಕಿಸಿಕೊಳ್ಳುವುದು ಹತ್ತು ವಿಡಿಯೋಗಿಂತ ಮೇಲು. ಅವರು ಮುದ್ದೆ, ಬಸ್ಸಾರು ಗೊತ್ತಿಲ್ಲದೆ ಕಿನೋವಾ, ಅವಕಾಡೊ ಬರೆದುಕೊಟ್ಟರೆ ಬೇರೊಬ್ಬರನ್ನು ಹುಡುಕಿ.

ಮಾತ್ರೆಯೋ, ಊಟವೋ ಅನ್ನುವವರಿಗೆ

ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ (2002) ಬಾರ್ಡರ್‌ನವರು ತೂಕ ಇಳಿಸಿ, ವಾರಕ್ಕೆ 150 ನಿಮಿಷ ಮೈ ದಂಡಿಸಿದಾಗ ಮಧುಮೇಹ ಬರುವುದು ಶೇ. 58 ತಗ್ಗಿತು, ಮೆಟ್‌ಫಾರ್ಮಿನ್‌ನಿಂದ ಶೇ. 31. ಚೆನ್ನೈನಲ್ಲಿ ನಮ್ಮ ಜನರ ಮೇಲೇ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೀವನಕ್ರಮದಿಂದ ಶೇ. 28.5, ಮೆಟ್‌ಫಾರ್ಮಿನ್‌ನಿಂದ 26.4, ಎರಡೂ ಸೇರಿ 28.2. ಅಂದರೆ ಊಟ, ನಡಿಗೆ ಮಾತ್ರೆಗೆ ಸರಿಸಮ. ಬಾರ್ಡರ್‌ನಲ್ಲಿದ್ದಾಗ ಇದು ಆಯ್ಕೆ. ಎಚ್‌ಬಿಎ1ಸಿ 8, 9 ಇದ್ದವರು ಮಾತ್ರೆ ಬಿಟ್ಟು ಕಷಾಯ ಹಿಡಿಯುವುದು ಆಯ್ಕೆಯಲ್ಲ, ಕಾಲಹರಣ.

ಮೇಲೆ ಹೇಳಿದ ಅಪಾಯ ಇಲ್ಲಿದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ನುಂಗುತ್ತಾ ಇದ್ದಕ್ಕಿದ್ದಂತೆ ಅನ್ನ ಬಿಟ್ಟರೆ, ಉಪವಾಸ ಮಾಡಿದರೆ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಕೀಟೋ ಊಟಕ್ಕೆ ಇಳಿದರೆ ರಕ್ತದಲ್ಲಿ ಆಮ್ಲ ತುಂಬಿಕೊಳ್ಳುವ ಕೀಟೋಅಸಿಡೋಸಿಸ್ ಬರುವ ಸಂಭವವಿದೆ, ಮೀಟರಿನಲ್ಲಿ ಶುಗರ್ ಅಷ್ಟೇನೂ ಹೆಚ್ಚಿಲ್ಲದಿದ್ದರೂ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ನೇರ ಆಸ್ಪತ್ರೆಗೆ. ಆದ್ದರಿಂದ ಮಾತ್ರೆಯ ಹೆಸರು ಓದಿಕೊಂಡು, ಊಟ ಬದಲಿಸುವ ಮುಂಚೆಯೇ ಡಾಕ್ಟರಿಗೆ ‘ಧಾನ್ಯ ಅರ್ಧ ಮಾಡುತ್ತಿದ್ದೇನೆ, ಡೋಸ್ ಇಳಿಸಬೇಕೇ?’ ಎಂದು ಕೇಳಿ.

ತಿಂಗಳಿಗೆ ಐನೂರು ರೂಪಾಯಿ ಮಾತ್ರ ಮಿಗುತ್ತದೆ ಅನ್ನುವವರು ಅದನ್ನು ಸ್ಟ್ರಿಪ್ಪಿಗೂ ಕಾಳಿಗೂ ಹಾಕಿ. ಎರಡು ಸಾವಿರ ಇದ್ದರೆ ಒಮ್ಮೆ ಡಯಟೀಶಿಯನ್, ಮಿಕ್ಕದ್ದು ಮೊಟ್ಟೆ, ಮೊಸರು, ತರಕಾರಿ, ನಡೆಯಲು ಒಂದು ಜೊತೆ ಒಳ್ಳೆಯ ಬೂಟು. ಪುಡಿ ಬೇಕೇ ಬೇಕೆನಿಸಿದರೆ ಮೆಂತ್ಯ, ಇಸಬ್ಗೋಲಿನಾಚೆ ಹೋಗಬೇಡಿ. ಮೂರು ತಿಂಗಳಿಗೆ ಅದೇ ಲ್ಯಾಬಿನಲ್ಲಿ ಎಚ್‌ಬಿಎ1ಸಿ ಮಾಡಿಸಿ, ಅದಕ್ಕಿಂತ ಮುಂಚೆ ಮಾಡಿಸಿದರೆ ಹಳೆಯ ಲೆಕ್ಕವೇ ಕಾಣುತ್ತದೆ. ಟೈಪ್ 2 ಅಂತ ಗೊತ್ತಾದವರು ಅಂಕಿ ಎಷ್ಟೇ ಚೆನ್ನಾಗಿರಲಿ, ಪತ್ತೆಯಾದ ವರ್ಷವೇ ಕಣ್ಣಿನ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ಪಾದದ ಸ್ಪರ್ಶ ಮೂರನ್ನೂ ಪರೀಕ್ಷಿಸಿಕೊಂಡು, ಆಮೇಲೆ ವರ್ಷಕ್ಕೊಮ್ಮೆ ಮುಂದುವರಿಸಿ.